ಸದನದಲ್ಲಿ ನಮ್ಮೂರಿನ ಲೆಕ್ಕ: ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಧಿವೇಶನದ ದಿನಗಳಲ್ಲಿ ಟಿ.ವಿ. ತೋರಿಸುವುದು ಸಭಾಧ್ಯಕ್ಷರ ಪೀಠದ ಮುಂದಿನ ಧರಣಿ, ಹರಿದು ಎಸೆದ ಕಾಗದ ಮತ್ತು ಸಭಾತ್ಯಾಗ. ಅದೇ ದಿನ ಸದನದ ಮುಂದೆ ರಾಶಿ ಲಿಖಿತ ಉತ್ತರಗಳೂ ಬಂದು ಬೀಳುತ್ತವೆ. ಯಾವ ರಸ್ತೆಗೆ ಎಷ್ಟು ಹಣ ಹೋಯಿತು, ಯಾವ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ, ಯಾವ ಕಾಮಗಾರಿ ಏಕೆ ನಿಂತಿದೆ ಎಂಬುದು ಅವುಗಳಲ್ಲಿ ಇರುತ್ತದೆ. ಅವುಗಳನ್ನು ಓದುವವರು ಕಡಿಮೆ. ಓದುವ ಆಸಕ್ತಿ ಇರುವವರಿಗಾಗಿ, ಮತ್ತು ತಮ್ಮ ಶಾಸಕರ ಕೈಗೆ ಒಂದು ಪ್ರಶ್ನೆ ಕೊಡಬೇಕೆಂದಿರುವವರಿಗಾಗಿ ಈ ಪುಟ.

ಶಾಸಕರು ಪ್ರಶ್ನೆ ಕೇಳಿದ ಮಾತ್ರಕ್ಕೆ ನಮ್ಮೂರಿನ ರಸ್ತೆ ಆಗಿಬಿಡುತ್ತದೆಯೇ?

ಆಗುವುದಿಲ್ಲ. ಆದರೆ ಅಲುಗಾಡದೆ ಕುಳಿತ ಕಡತ ಎದ್ದು ಓಡಾಡಲು ಆರಂಭಿಸುತ್ತದೆ. ಪ್ರಶ್ನೆ ಅಂಗೀಕಾರವಾದರೆ ಅದು ವಿಧಾನಸಭೆಯ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಮುಖ್ಯ ಎಂಜಿನಿಯರ್‌ಗೆ, ಅವರಿಂದ ಹಾಸನದ ಕಾರ್ಯಪಾಲಕ ಎಂಜಿನಿಯರ್‌ಗೆ, ಕೊನೆಗೆ ಸಕಲೇಶಪುರದಲ್ಲೋ ಅರಕಲಗೂಡಿನಲ್ಲೋ ಕುಳಿತಿರುವ ಸಹಾಯಕ ಎಂಜಿನಿಯರ್ ಮೇಜಿಗೆ ಇಳಿಯುತ್ತದೆ. ಇಂಥ ವಿಧಾನಸಭಾ ಪ್ರಶ್ನೆಗೆ ಸರ್ಕಾರಿ ಕಚೇರಿಗಳಲ್ಲಿ ಇಂಗ್ಲಿಷಿನ ಮೊದಲಕ್ಷರ ಹಿಡಿದು ‘ಎಲ್‌ಎಕ್ಯೂ’ ಎನ್ನುತ್ತಾರೆ. ವಿಧಾನ ಪರಿಷತ್ತಿನಿಂದ ಬಂದರೆ ‘ಎಲ್‌ಸಿಕ್ಯೂ’. ಸಾಮಾನ್ಯ ಅರ್ಜಿಗೆ ತಿಂಗಳುಗಟ್ಟಲೆ ಉತ್ತರ ಬರೆಯದ ಕಚೇರಿ, ‘ಎಲ್‌ಎಕ್ಯೂ ಬಂದಿದೆ’ ಎಂದರೆ ರಾತ್ರಿಯವರೆಗೂ ದೀಪ ಉರಿಸಿಕೊಂಡು ಕುಳಿತಿರುತ್ತದೆ. ಉತ್ತರದ ಕೆಳಗೆ ಸಚಿವರ ಹೆಸರು ಇರುತ್ತದೆ, ತಪ್ಪು ಮಾಹಿತಿ ಕೊಟ್ಟರೆ ಸದನಕ್ಕೆ ಜವಾಬು ಹೇಳಬೇಕಾಗುತ್ತದೆ ಎಂಬ ಭಯವೇ ಇದಕ್ಕೆ ಕಾರಣ.

ಪ್ರಶ್ನೆಯಿಂದ ಮಂತ್ರಿಯೇ ಕುರ್ಚಿ ಬಿಟ್ಟದ್ದೂ ಉಂಟು. ಉದ್ಯಮಿ ಮುಂದ್ರಾ ಅವರ ಕಂಪನಿಗಳಲ್ಲಿ ಜೀವ ವಿಮಾ ನಿಗಮವು ಹಣ ಹೂಡಿದ್ದರ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಅದನ್ನು ಬಿಡದೆ ಬೆನ್ನಟ್ಟಿದರು. ಛಾಗ್ಲಾ ಆಯೋಗದ ವಿಚಾರಣೆ ನಡೆದು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದರೇನು?

ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಬಾಯಿಂದ ಉತ್ತರಿಸಬೇಕು. ಕೇಳಿದವರು ಅಲ್ಲಿಯೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಉಳಿದವು 230. ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಪಟ್ಟಿಯಲ್ಲಿ 20 ಇದ್ದರೂ ಒಂದು ಗಂಟೆಯಲ್ಲಿ ಕೆಲವಕ್ಕೆ ಮಾತ್ರ ಮಾತಿನ ಉತ್ತರ ಸಿಗುತ್ತದೆ. ಗಲಾಟೆಯಾದ ದಿನ ಅದೂ ಇಲ್ಲ. ಎಲ್ಲವೂ ಲಿಖಿತವಾಗಿಯೇ ಉಳಿಯುತ್ತವೆ.

ಹೆಸರು ಬರುವುದು ಚುಕ್ಕೆ ಗುರುತಿನಿಂದ. ಲೆಕ್ಕ ಬೇಕಾದವರಿಗೆ ಚುಕ್ಕೆ ಇಲ್ಲದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಚಿವರು ನಗೆಚಟಾಕಿ ಹಾರಿಸಿ ತಪ್ಪಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಕೇಳಿದ್ದನ್ನು ಕೋಷ್ಟಕ ಮಾಡಿ ಅನುಬಂಧದಲ್ಲಿ ಕೊಡಬೇಕಾಗುತ್ತದೆ.

ಇದನ್ನೆಲ್ಲ ಕೇಳಬೇಕಾದವರು ಶಾಸಕರೋ, ಸಂಸದರೋ?

ಉತ್ತರಿಸಬೇಕಾದ ಮಂತ್ರಿ ಬೆಂಗಳೂರಿನಲ್ಲಿದ್ದಾರೋ ದೆಹಲಿಯಲ್ಲಿದ್ದಾರೋ ಎಂಬುದನ್ನು ಮೊದಲು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರಿ ಶಾಲೆ, ಪಡಿತರ, ಸರ್ಕಾರಿ ಬಸ್ಸು, ಪೊಲೀಸ್, ಹೇಮಾವತಿ ನಾಲೆಯ ನೀರು ರಾಜ್ಯದ್ದು, ಶಾಸಕರಿಗೆ ಹೇಳಿ. ರೈಲು, ಅಂಚೆ, ದೂರವಾಣಿ ಕೇಂದ್ರದ್ದು. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿ ಬರುತ್ತದೆ. ಹಾಗಾಗಿ ಮಂಡಳಿಯ ಸಹಾಯಧನ ಬಾಕಿ ಎಷ್ಟು, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳ ಹುದ್ದೆ ಎಷ್ಟು ಖಾಲಿ ಎಂಬ ಪ್ರಶ್ನೆಯನ್ನು ಮೂಡಿಗೆರೆಯ ಶಾಸಕರಿಗೆ ಕೊಟ್ಟರೆ ‘ಇದು ಕೇಂದ್ರಕ್ಕೆ ಸಂಬಂಧಿಸಿದೆ’ ಎಂದು ಹಿಂದಿರುಗುತ್ತದೆ. ಸಂಸದರಿಗೆ ಕೊಡಬೇಕು.

ಎರಡೂ ಕಡೆ ಕಾಲಿಟ್ಟ ವಿಷಯಗಳಲ್ಲೇ ಜನ ಹೆಚ್ಚು ಅಲೆಯುವುದು. ಆನೆ ಹಾವಳಿಯ ಪರಿಹಾರ, ಸೆರೆ ಕಾರ್ಯಾಚರಣೆ, ಆನೆ ತಡೆಯಲು ರೈಲು ಹಳಿಗಳಿಂದ ಕಟ್ಟುವ ಬೇಲಿಗೆ ರಾಜ್ಯ ಕೊಟ್ಟ ಹಣ ಇವು ರಾಜ್ಯ ಅರಣ್ಯ ಇಲಾಖೆಯವು. ಆದರೆ ಆನೆ ಯೋಜನೆಯ ಕೇಂದ್ರ ಅನುದಾನದ ಬಗ್ಗೆ ಸಂಸದರೂ ಕೇಳಬಹುದು. ಹಾಸನದಿಂದ ಮಾರನಹಳ್ಳಿವರೆಗಿನ ಹೆದ್ದಾರಿ ಅಗಲೀಕರಣ ವರ್ಷಗಟ್ಟಲೆ ಎಳೆದಾಗ ದೂಳು ಕುಡಿದವರು ಸಕಲೇಶಪುರದವರು. ಗುತ್ತಿಗೆ ಕೊಟ್ಟದ್ದು ಮಾತ್ರ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯೂ ಇಂಥದ್ದೇ. ಸುರಂಗ ಹಾದುಹೋಗುವುದು ತರೀಕೆರೆ, ಅಜ್ಜಂಪುರದ ನೆಲದಲ್ಲಿ, ಕಾಮಗಾರಿ ರಾಜ್ಯದ್ದು. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಘೋಷಣೆಯಾದ ಹಣದಲ್ಲಿ ಬಂದದ್ದೆಷ್ಟು, ಬಾರದಿದ್ದರೆ ಯಾವ ಹಂತದಲ್ಲಿ ನಿಂತಿದೆ ಎಂದು ಸಂಸದರು ದೆಹಲಿಯಲ್ಲಿ ಕೇಳಬೇಕು. ಹಣ ಪಡೆಯಲು ಕಳಿಸಿದ ದಾಖಲೆಗಳ ದಿನಾಂಕಗಳನ್ನು ಶಾಸಕರು ಬೆಂಗಳೂರಿನಲ್ಲಿ ಕೇಳಬೇಕು. ಎರಡು ಉತ್ತರಗಳನ್ನೂ ಅಕ್ಕಪಕ್ಕ ಇಟ್ಟು ಓದಿದಾಗಲೇ ‘ಅವರು ಕೊಡಲಿಲ್ಲ’, ‘ಇವರು ಕೇಳಲಿಲ್ಲ’ ಎಂಬ ಜಗಳದ ಬುಡ ಕಾಣುವುದು.

ಕಡೂರಿನವರಿಗೆ ಸಂಸದರು ಯಾರು? ಚಿಕ್ಕಮಗಳೂರಿನವರೇ ಅಲ್ಲವೇ?

ಅಲ್ಲ. ಕಡೂರು ವಿಧಾನಸಭಾ ಕ್ಷೇತ್ರ ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಜಿಲ್ಲೆಯ ಉಳಿದ ನಾಲ್ಕು, ಅಂದರೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು ಮತ್ತು ತರೀಕೆರೆ, ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿವೆ. ಹಾಸನ ಜಿಲ್ಲೆಯ ಏಳೂ ಹಾಸನಕ್ಕೇ.

ನಮ್ಮ ಶಾಸಕರೇ ಮಂತ್ರಿಯಾಗಿಬಿಟ್ಟಿದ್ದಾರೆ. ಈಗ ಯಾರು ಕೇಳುತ್ತಾರೆ?

ಮಂತ್ರಿಗಳು ಉತ್ತರ ಹೇಳುವ ಸಾಲಿನವರು, ಪ್ರಶ್ನೆ ಕೇಳುವುದಿಲ್ಲ. ಸಭಾಧ್ಯಕ್ಷರೂ ಅಷ್ಟೇ. ಹಾಗೆಂದು ದಾರಿ ಮುಚ್ಚಿಲ್ಲ. ಯಾವ ಶಾಸಕರು ಬೇಕಾದರೂ ಯಾವ ತಾಲ್ಲೂಕಿನ ಬಗ್ಗೆಯಾದರೂ ಕೇಳಬಹುದು. ಬೇಲೂರಿನ ಪ್ರಶ್ನೆಯನ್ನು ಬೀದರ್‌ನವರು ಕೇಳಿದರೂ ನಿಯಮ ತಡೆಯುವುದಿಲ್ಲ. ವಿಧಾನ ಪರಿಷತ್ತಿನ 75 ಸದಸ್ಯರನ್ನು ಜನ ಮರೆತೇಬಿಡುತ್ತಾರೆ. ಸ್ಥಳೀಯ ಸಂಸ್ಥೆಗಳಿಂದ ಎರಡೂ ಜಿಲ್ಲೆಗೆ ಒಬ್ಬೊಬ್ಬ ಪರಿಷತ್ ಸದಸ್ಯರಿದ್ದಾರೆ. ಅಲ್ಲದೆ ಹಾಸನ ಜಿಲ್ಲೆ ದಕ್ಷಿಣ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ, ಚಿಕ್ಕಮಗಳೂರು ಜಿಲ್ಲೆ ನೈರುತ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಇವೆ. ಶಾಲೆ, ಕಾಲೇಜು, ಅತಿಥಿ ಉಪನ್ಯಾಸಕರ ವಿಷಯವಾದರೆ ನಾನು ಮೊದಲು ತಟ್ಟುವ ಬಾಗಿಲು ಆ ಕ್ಷೇತ್ರಗಳ ಸದಸ್ಯರದ್ದು.

ಒಳ್ಳೆಯ ಪ್ರಶ್ನೆ ಹೇಗಿರಬೇಕು?

ಹೀಗಿರಬಾರದು ಎಂಬುದನ್ನು ಮೊದಲು ನೋಡೋಣ. ‘ಸಕಲೇಶಪುರ ತಾಲ್ಲೂಕಿನ ರಸ್ತೆಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಇಂಥ ಪ್ರಶ್ನೆಗಳು ಪ್ರತಿ ಅಧಿವೇಶನದಲ್ಲೂ ಬರುತ್ತವೆ. ಉತ್ತರವನ್ನು ಯಾರಾದರೂ ಕಣ್ಣುಮುಚ್ಚಿ ಬರೆಯಬಹುದು: ‘ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತಹಂತವಾಗಿ ಕ್ರಮ ವಹಿಸಲಾಗುವುದು.’ ಕೇಳಿದವರಿಗೂ ತೃಪ್ತಿ, ಹೇಳಿದವರಿಗೂ ತೃಪ್ತಿ; ಗುಂಡಿ ಇದ್ದಲ್ಲೇ ಇರುತ್ತದೆ.

ಅದನ್ನೇ ಬಿಡಿಸಿ ಹೀಗೆ ಕೇಳಬಹುದು:

(ಅ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಸಕಲೇಶಪುರ ವಿಧಾನಸಭಾ ಕ್ಷೇತ್ರದ ಲೋಕೋಪಯೋಗಿ ರಸ್ತೆಗಳ ನಿರ್ವಹಣೆಗೆ ಲೆಕ್ಕ ಶೀರ್ಷಿಕೆವಾರು ಹಂಚಿಕೆಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಮೊತ್ತವೆಷ್ಟು?
(ಆ) ಈ ಅನುದಾನದಲ್ಲಿ ಕೈಗೊಂಡ ಕಾಮಗಾರಿಗಳಾವುವು? (ರಸ್ತೆಯ ಹೆಸರು, ಸರಪಳಿ, ಅಂದಾಜು ಮೊತ್ತ, ಕಾರ್ಯಾದೇಶದ ದಿನಾಂಕ, ಪೂರ್ಣಗೊಂಡ ದಿನಾಂಕ, ಪಾವತಿಸಿದ ಮೊತ್ತದೊಂದಿಗೆ ವಿವರ ನೀಡುವುದು)
(ಇ) ಇವುಗಳಲ್ಲಿ ಗುತ್ತಿಗೆದಾರರ ನಿರ್ವಹಣಾ ಅವಧಿ ಮುಗಿಯದ ರಸ್ತೆಗಳೆಷ್ಟು? ಆ ಅವಧಿಯಲ್ಲಿ ಹಾಳಾದವುಗಳನ್ನು ಅವರಿಂದಲೇ ದುರಸ್ತಿ ಮಾಡಿಸಲಾಗಿದೆಯೇ?
(ಈ) ಇಲ್ಲವಾದಲ್ಲಿ ಭದ್ರತಾ ಠೇವಣಿ ಮುಟ್ಟುಗೋಲು ಹಾಕಿಕೊಂಡ ಪ್ರಕರಣಗಳೆಷ್ಟು?

ಗಮನಕ್ಕೆ ಬಂದಿದೆಯೇ ಎಂದು ಇಲ್ಲೆಲ್ಲೂ ಕೇಳಿಲ್ಲ. ಪ್ರತಿ ಭಾಗಕ್ಕೂ ಅಂಕಿಯನ್ನೋ ದಿನಾಂಕವನ್ನೋ ಕೊಡಲೇಬೇಕು. ‘ಸರಪಳಿ’ ಎಂದರೆ ಕಾಮಗಾರಿ ರಸ್ತೆಯ ಎಷ್ಟನೇ ಕಿ.ಮೀ.ಯಿಂದ ಎಷ್ಟರವರೆಗೆ ಎಂಬ ಗುರುತು. (ಇ) ಮತ್ತು (ಈ) ಮುಖ್ಯ. ರಸ್ತೆ ಮಾಡಿದ ಗುತ್ತಿಗೆದಾರನೇ ನಿಗದಿತ ಕಾಲ ಅದನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಕರಾರಿನಲ್ಲಿರುತ್ತದೆ. ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ಡಾಂಬರು ಕೊಚ್ಚಿಹೋದರೆ ‘ಇಲ್ಲಿನ ಮಳೆಯೇ ಹಾಗೆ’ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತೇವೆ. ಮಳೆ ಜೋರೆಂಬುದು ಟೆಂಡರು ಹಾಕುವಾಗ ಗುತ್ತಿಗೆದಾರನಿಗೂ ಗೊತ್ತಿತ್ತು.

ಆಸ್ಪತ್ರೆಯ ವಿಷಯದಲ್ಲಿ ಹೆಚ್ಚಿನವರು ಮರೆಯುವ ಒಂದು ಕಾಲಂ ಇದೆ. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಎಂದು ಮೂರನ್ನು ಕೇಳಿ ನಿಲ್ಲಿಸುತ್ತಾರೆ. ‘ಭರ್ತಿ’ ಎಂದು ತೋರಿಸಿದ ವೈದ್ಯರು ಬೇರೆ ಕಡೆ ನಿಯೋಜನೆಯ ಮೇಲೆ ಕೆಲಸ ಮಾಡುತ್ತಿರಬಹುದು. ಕಾಗದದ ಮೇಲೆ ವೈದ್ಯರಿದ್ದಾರೆ, ಸಂಬಳವೂ ಆ ಹುದ್ದೆಯ ಲೆಕ್ಕದಲ್ಲೇ ಆಗುತ್ತದೆ, ಊರಿಗೆ ಮಾತ್ರ ವೈದ್ಯರಿಲ್ಲ. ಆದ್ದರಿಂದ ‘ನಿಯೋಜನೆ ಮೇಲೆ ತೆರಳಿದವರು, ತೆರಳಿದ ದಿನಾಂಕ, ಆದೇಶ ಹೊರಡಿಸಿದ ಪ್ರಾಧಿಕಾರ’ ಎಂದು ನಾಲ್ಕನೆಯದನ್ನು ಸೇರಿಸಿ. ಶಿಕ್ಷಕರಿಗೂ ಇದೇ. ಬಸ್ಸಿನ ವಿಷಯವಾದರೆ ‘ಸಾರಿಗೆ ವ್ಯವಸ್ಥೆ ಸಮರ್ಪಕವಾಗಿದೆಯೇ’ ಎನ್ನಬೇಡಿ. ಇಂಥ ಘಟಕದಿಂದ ಇಂಥ ಮಾರ್ಗದಲ್ಲಿ ಮಂಜೂರಾದ ಟ್ರಿಪ್ ಎಷ್ಟು, ಕಳೆದ ಆರು ತಿಂಗಳಲ್ಲಿ ರದ್ದಾದದ್ದು ಎಷ್ಟು, ಕಾರಣ ಚಾಲಕರ ಕೊರತೆಯೋ ವಾಹನದ ಕೊರತೆಯೋ ಎಂದು ಕೇಳಿ.

ಕೆಲವು ಪ್ರಶ್ನೆಗಳು ಬಾಗಿಲಲ್ಲೇ ಬಿದ್ದುಹೋಗುತ್ತವೆ: ಅಭಿಪ್ರಾಯ ಕೇಳುವಂಥವು, ಆರೋಪ ಹೊರಿಸುವಂಥವು, ನ್ಯಾಯಾಲಯದಲ್ಲಿರುವ ವಿಷಯ, ಸಾಲು ಸಾಲು ಪೀಠಿಕೆ. ಲೋಕಸಭೆಯಲ್ಲಿ ಪ್ರಶ್ನೆ 150 ಪದ ಮೀರುವಂತಿಲ್ಲ.

ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿದ್ದಾರೆ. ಇದರರ್ಥವೇನು?

ಉತ್ತರ ಪತ್ರಿಕೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಇರುತ್ತದೆ. ಅಲ್ಲಿನ ಕೆಲವು ಮಾತುಗಳು ಎಷ್ಟು ಸವೆದಿವೆ ಎಂದರೆ, ಓದುತ್ತ ಓದುತ್ತ ಹಿಂದಿನ ಕಡತದ ಸ್ಥಿತಿಯೇ ಊಹೆಗೆ ಸಿಗುತ್ತದೆ.

‘ಪರಿಶೀಲನೆಯಲ್ಲಿದೆ’: ಯಾರೂ ಇಲ್ಲ ಎಂದಿಲ್ಲ, ಯಾರೂ ಹೂಂ ಎಂದೂ ಇಲ್ಲ. ಯಾವ ಹಂತದ ಪರಿಶೀಲನೆ, ಪ್ರಸ್ತಾವನೆ ಸಲ್ಲಿಕೆಯಾದ ದಿನಾಂಕ ಯಾವುದು, ಆರ್ಥಿಕ ಇಲಾಖೆಗೆ ಹೋಗಿದೆಯೇ ಎಂದು ಮುಂದಿನ ಅಧಿವೇಶನದಲ್ಲಿ ಕೇಳಬೇಕು. ಆರ್ಥಿಕ ಇಲಾಖೆಗೆ ಹೋಗದಿದ್ದರೆ ಹಣ ಬರುವ ಮಾತೇ ಇಲ್ಲ.

‘ಆರ್ಥಿಕ ಸಂಪನ್ಮೂಲದ ಲಭ್ಯತೆಯನ್ನಾಧರಿಸಿ’: ಈ ವರ್ಷ ಇಲ್ಲ ಎಂದೇ ತಿಳಿಯಿರಿ.

‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’: ಇದನ್ನು ಮಾತ್ರ ಸುಮ್ಮನೆ ಬಿಡಬೇಡಿ. ಹೀಗೆ ಹೇಳಿದವರು ಆಮೇಲೆ ಕೊಡಬೇಕು. ಸಚಿವರು ಸದನದಲ್ಲಿ ಕೊಟ್ಟ ಮಾತುಗಳನ್ನು ಹಿಂಬಾಲಿಸಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಿಮ್ಮ ಊರಿನ ಭರವಸೆ ಯಾವಾಗ, ಯಾವ ಪ್ರಶ್ನೆ ಸಂಖ್ಯೆಯಲ್ಲಿ ದಾಖಲಾಯಿತು ಎಂದು ಬರೆದಿಟ್ಟುಕೊಂಡಿದ್ದರೆ ಸಮಿತಿಯ ಸದಸ್ಯರ ಕೈಗೆ ಅದನ್ನು ಕೊಡಬಹುದು.

‘ಉದ್ಭವಿಸುವುದಿಲ್ಲ’: (ಅ) ಭಾಗಕ್ಕೆ ‘ಇಲ್ಲ’ ಎಂದರೆ ಉಳಿದ ಭಾಗಗಳಿಗೆಲ್ಲ ಈ ಉತ್ತರ. ಪ್ರಶ್ನೆಯ ಮೊದಲ ಭಾಗವನ್ನು ಹೌದು–ಇಲ್ಲ ಎಂದು ಹೇಳುವಂತೆ ಬರೆದರೆ ಆಗುವ ನಷ್ಟ ಇದೇ.

‘ಅನುದಾನ ಪೂರ್ತಿ ವೆಚ್ಚವಾಗಿದೆ’ ಎಂದು ಉತ್ತರ ಬಂದಿದೆ. ಕಾಮಗಾರಿ ಮಾತ್ರ ಕಾಣುತ್ತಿಲ್ಲ. ಹೇಗೆ?

ಸರ್ಕಾರಿ ಲೆಕ್ಕದಲ್ಲಿ ವೆಚ್ಚ ಎಂದರೆ ಖಜಾನೆಯಿಂದ ಹಣ ಹೊರಬಿತ್ತು ಎಂದು ಮಾತ್ರ. ಅದು ಜಿಲ್ಲಾಧಿಕಾರಿಯವರ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಗೆ ಹೋಗಿ ಕುಳಿತಿರಬಹುದು; ಕಟ್ಟಡ ಕಟ್ಟಬೇಕಾದ ನಿಗಮಕ್ಕೋ ನಿರ್ಮಿತಿ ಕೇಂದ್ರಕ್ಕೋ ಮುಂಗಡವಾಗಿ ಸಂದಾಯವಾಗಿರಬಹುದು. ಅಂಗನವಾಡಿಯ ಅಡಿಪಾಯವೂ ಬಿದ್ದಿರುವುದಿಲ್ಲ, ಇಲಾಖೆಯ ಪುಸ್ತಕದಲ್ಲಿ ಶೇ 100 ಆರ್ಥಿಕ ಪ್ರಗತಿ ಇರುತ್ತದೆ. ಇದರಲ್ಲಿ ಯಾವಾಗಲೂ ಮೋಸವಿದೆ ಎಂದಲ್ಲ. ಮಾರ್ಚ್ 31ರೊಳಗೆ ಹಣ ಖರ್ಚಾಗದಿದ್ದರೆ ಅನುದಾನ ಲ್ಯಾಪ್ಸ್ ಆಗುತ್ತದೆ ಎಂಬ ಆತುರವೇ ಬಹುಪಾಲು ಕಾರಣ. ಆದ್ದರಿಂದ ಆರ್ಥಿಕ ಪ್ರಗತಿಯ ಪಕ್ಕದಲ್ಲೇ ಭೌತಿಕ ಪ್ರಗತಿಯನ್ನು, ಅನುಷ್ಠಾನ ಸಂಸ್ಥೆಯ ಖಾತೆಯಲ್ಲಿ ಉಳಿದಿರುವ ಹಣವನ್ನು, ಹಣ ಬಳಕೆ ಪ್ರಮಾಣಪತ್ರ ಬಂದ ದಿನಾಂಕವನ್ನು ಕೇಳಬೇಕು.

ದೊಡ್ಡ ಯೋಜನೆಗಳಲ್ಲಿ ಅಂದಾಜು ಮೊತ್ತವೇ ಹಿಗ್ಗುತ್ತ ಹೋಗುತ್ತದೆ. ಸಕಲೇಶಪುರ ತಾಲ್ಲೂಕಿನ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಯನ್ನೇ ನೋಡಿ. 2012ರಲ್ಲಿ ಅದರ ಅಂದಾಜು 8,323.50 ಕೋಟಿ ರೂಪಾಯಿ, 2014ರಲ್ಲಿ 12,912.36 ಕೋಟಿ, ಮುಂದಿನ ಪರಿಷ್ಕರಣೆಯಲ್ಲಿ 23,251.66 ಕೋಟಿ. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು. ಯೋಜನೆ ಬೇಕೇ ಬೇಡವೇ ಎಂಬ ವಾದಕ್ಕೆ ಈ ಪುಟದಲ್ಲಿ ಜಾಗವಿಲ್ಲ. ಪ್ರತಿ ಏರಿಕೆಯಲ್ಲಿ ಭೂಸ್ವಾಧೀನದ ಪಾಲೆಷ್ಟು, ದರಪಟ್ಟಿ ಬದಲಾವಣೆಯ ಪಾಲೆಷ್ಟು, ವಿನ್ಯಾಸ ಬದಲಾವಣೆಯ ಪಾಲೆಷ್ಟು ಎಂದು ಬಿಡಿಸಿ ಕೇಳುವುದು ಪರ ಇರುವವರಿಗೂ ವಿರೋಧ ಇರುವವರಿಗೂ ಅಗತ್ಯ.

ಬಜೆಟ್ ಬಗ್ಗೆ ಪ್ರಶ್ನೆ ಕೇಳಲು ಬೇರೆ ದಾರಿ ಇದೆಯೇ?

ಇದೆ. ಬಜೆಟ್ ಭಾಷಣದ ಮೇಲಿನ ಸಾಮಾನ್ಯ ಚರ್ಚೆ ಮುಗಿದ ಮೇಲೆ ಇಲಾಖಾವಾರು ಬೇಡಿಕೆಗಳು ಸದನದ ಮುಂದೆ ಬರುತ್ತವೆ. ಆಗ ಸದಸ್ಯರು ಖೋತಾ ಸೂಚನೆ ಕೊಡಬಹುದು: ಇಡೀ ನೀತಿಗೇ ವಿರೋಧವಿದ್ದರೆ ‘ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ’ ಎಂದು, ಒಂದು ನಿರ್ದಿಷ್ಟ ಕುಂದುಕೊರತೆ ಹೇಳಬೇಕಿದ್ದರೆ ‘ನೂರು ರೂಪಾಯಿ ಕಡಿಮೆ ಮಾಡಿ’ ಎಂದು. ಖೋತಾ ಸೂಚನೆ ಗೆಲ್ಲುವುದಿಲ್ಲ, ಗೆದ್ದರೆ ಸರ್ಕಾರವೇ ಬೀಳುವ ಪ್ರಸಂಗ. ಆದರೆ ಆ ನೂರು ರೂಪಾಯಿಯ ನೆಪದಲ್ಲಿ ಕಾಫಿ ತೋಟದ ಲೈನ್ ಮನೆಗಳ ಕುಡಿಯುವ ನೀರಿನ ವಿಷಯವನ್ನು ಮಂತ್ರಿಯ ಎದುರು ಇಡಬಹುದು. ದುಃಖದ ಸಂಗತಿಯೆಂದರೆ ಎಷ್ಟೋ ಬೇಡಿಕೆಗಳು ಚರ್ಚೆಯೇ ಇಲ್ಲದೆ ಕೊನೆಯ ದಿನ ಒಟ್ಟಿಗೆ ಅಂಗೀಕಾರವಾಗಿಬಿಡುತ್ತವೆ. ವರ್ಷದ ನಡುವೆ ಬರುವ ಪೂರಕ ಅಂದಾಜುಗಳ ಗತಿಯೂ ಅದೇ.

ತುರ್ತು ವಿಷಯವಾದರೆ? ಆನೆ ದಾಳಿಗೆ ಜನ ಸತ್ತಾಗ ವಾರಗಟ್ಟಲೆ ಕಾಯಬೇಕೇ?

ಬೇಡ. ಪ್ರಶ್ನೆಗೆ ಸುಮಾರು ಎರಡು ವಾರ ಮುಂಚಿತವಾಗಿ ಸೂಚನೆ ಬೇಕು ನಿಜ. ತುರ್ತಿಗೆ ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ನಿಯಮ 69ರಡಿ ಚರ್ಚೆ ಇದೆ, ಶೂನ್ಯ ವೇಳೆ ಇದೆ. ಬೇರೆಲ್ಲ ಕಲಾಪ ಬದಿಗಿಡಿ ಎನ್ನುವ ನಿಲುವಳಿ ಸೂಚನೆ ನಿಯಮ 60ರದ್ದು. ಪರಿಷತ್ತಿನಲ್ಲಿ ಗಮನ ಸೆಳೆಯಲು ನಿಯಮ 72, ವಿಶೇಷ ಪ್ರಸ್ತಾಪಕ್ಕೆ ನಿಯಮ 330. ಶೂನ್ಯ ವೇಳೆಯ ಮಾತಿಗೆ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ. ದಾಖಲೆ ಸಿಗುವುದು ಅಪರೂಪ.

ಮಂತ್ರಿ ತಪ್ಪು ಉತ್ತರ ಕೊಟ್ಟರೆ? ಉತ್ತರ ಸಿದ್ಧಪಡಿಸುವವರಿಗೆ ಯಾರಾದರೂ ಅಡ್ಡಿ ಮಾಡಿದರೆ?

ತಿಳಿದೂ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ ಸೂಚನೆ ತರಬಹುದು. ಹೆಚ್ಚಾಗಿ ಸಚಿವರು ತಿದ್ದಿದ ಉತ್ತರ ಮಂಡಿಸಿ ಮುಗಿಸುತ್ತಾರೆ.

ಎರಡನೆಯದಕ್ಕೆ ಉದಾಹರಣೆ ಹುಡುಕಲು ಚಿಕ್ಕಮಗಳೂರಿನವರು ದೂರ ಹೋಗಬೇಕಾಗಿಲ್ಲ. 1978ರ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಿಂದ ಇಂದಿರಾ ಗಾಂಧಿ ಗೆದ್ದರು. ಆ ಚುನಾವಣೆಯ ಗೋಡೆಬರಹ, ಘೋಷಣೆ, ಜನಜಂಗುಳಿ ಹಿರಿಯರಿಗೆಲ್ಲ ಚೆನ್ನಾಗಿ ನೆನಪಿದೆ. ಮರುತಿಂಗಳು, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳುಹಿಸಿತು ಎಂಬುದೂ ನೆನಪಿದೆ. ಕಾರಣ ಮಾತ್ರ ಅನೇಕರಿಗೆ ತುರ್ತುಪರಿಸ್ಥಿತಿ ಎಂದೇ ಭಾವನೆ. ನಿಜವಾದ ಕಾರಣ ಒಂದು ಪ್ರಶ್ನೆ. ಮಾರುತಿ ಕಂಪನಿಯ ಬಗ್ಗೆ ಜ್ಯೋತಿರ್ಮಯ್ ಬಸು ಮುಂತಾದವರು 1975ರಲ್ಲಿ ಕೇಳಿದ್ದ ಲೋಕಸಭೆಯ ಪ್ರಶ್ನೆಗೆ ನಾಲ್ವರು ಅಧಿಕಾರಿಗಳು ಮಾಹಿತಿ ಸಂಗ್ರಹಿಸುತ್ತಿದ್ದಾಗ, ಆಗ ಪ್ರಧಾನಿಯಾಗಿದ್ದ ಅವರು ಅಡ್ಡಿಪಡಿಸಿ ಕಿರುಕುಳ ಕೊಟ್ಟರು ಎಂಬುದು ಹಕ್ಕುಬಾಧ್ಯತಾ ಸಮಿತಿಯ ತೀರ್ಮಾನವಾಗಿತ್ತು. ರಾಜಕೀಯ ಗಾಳಿ ಬದಲಾದ ಮೇಲೆ, 1981ರಲ್ಲಿ, ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತು. ಶಿಕ್ಷೆ ಸರಿಯಿತ್ತೋ ಸೇಡಾಗಿತ್ತೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಸದನದ ಪ್ರಶ್ನೆಗೆ ಮಾಹಿತಿ ಕಲೆಹಾಕುವ ಗುಮಾಸ್ತರಿಂದ ಹಿಡಿದು ಅಧಿಕಾರಿವರೆಗೆ ಎಲ್ಲರಿಗೂ ಸದನದ ರಕ್ಷಣೆ ಇದೆ ಎಂಬುದಂತೂ ಅದರಿಂದ ಎಲ್ಲರಿಗೂ ಗೊತ್ತಾಯಿತು.

ದುಡ್ಡು ಪಡೆದು ಪ್ರಶ್ನೆ ಕೇಳಿದವರೂ ಇದ್ದಾರಲ್ಲ?

ಇದ್ದಾರೆ. 1951ರಲ್ಲಿ ಸಂಸದ ಎಚ್.ಜಿ. ಮುದ್ಗಲ್ ಮೇಲೆ ಇಂಥ ಆರೋಪ ಸಾಬೀತಾಗಿ, ಉಚ್ಚಾಟನೆಯ ಹೊತ್ತಿಗೆ ಅವರೇ ರಾಜೀನಾಮೆ ಕೊಟ್ಟರು. 2005ರ ಡಿಸೆಂಬರ್ 23ರಂದು ಒಂದೇ ದಿನ 11 ಸಂಸದರು, ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬರು, ಸದಸ್ಯತ್ವ ಕಳೆದುಕೊಂಡರು. ನಿಮ್ಮ ಶಾಸಕರು ಒಂದೇ ಟೆಂಡರ್ ಬಗ್ಗೆ ಬಿಡದೆ ಕೇಳುತ್ತಿದ್ದಾರೆ ಎಂದರೆ ಅದು ಜನಪರ ಕಾಳಜಿಯೇ ಇರಬಹುದು. ಟೆಂಡರ್ ಸೋತವರ ಕಾಳಜಿಯೂ ಇರಬಹುದು.

ಸಿಎಜಿ (ಮಹಾಲೆಕ್ಕಪರಿಶೋಧಕರ) ವರದಿ ಬಂದಾಗ ಎರಡು ದಿನ ಸುದ್ದಿ. ಆಮೇಲೆ?

ಆಮೇಲೆ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಸಂವಿಧಾನದ 151ನೇ ವಿಧಿಯಂತೆ ರಾಜ್ಯದ ಲೆಕ್ಕಪರಿಶೋಧನಾ ವರದಿ ರಾಜ್ಯಪಾಲರಿಗೆ ಸಲ್ಲಿಕೆಯಾಗಿ, ವಿಧಾನಮಂಡಲದ ಮುಂದೆ ಬರುತ್ತದೆ. ಸಮಿತಿಯ ಅಧ್ಯಕ್ಷರು ವಿರೋಧ ಪಕ್ಷದವರಾಗಿರುವುದು ರೂಢಿ, ಮಂತ್ರಿಗಳು ಸದಸ್ಯರಾಗುವಂತಿಲ್ಲ. ಇಲಾಖಾ ಕಾರ್ಯದರ್ಶಿಗಳನ್ನು ಕರೆಸಿ, ಕಂಡಿಕೆವಾರು ವಿವರಣೆ ಕೇಳುವ ಈ ಸಭೆಗಳಲ್ಲಿ ಕ್ಯಾಮೆರಾ ಇರುವುದಿಲ್ಲ. ಅದರಿಂದಲೋ ಏನೋ, ಪಕ್ಷ ಮರೆತು ಕೆಲಸ ನಡೆಯುವುದು ಅಲ್ಲೇ ಹೆಚ್ಚು. ತೊಂದರೆ ಒಂದೇ, ವೇಗ. ವರದಿಯ ಕಂಡಿಕೆಯ ಮೇಲೆ ಸಮಿತಿಯ ಶಿಫಾರಸು ಬರುವಷ್ಟರಲ್ಲಿ ಸಂಬಂಧಪಟ್ಟ ಅಧಿಕಾರಿ ನಿವೃತ್ತರಾಗಿರುತ್ತಾರೆ. ಸಾರಿಗೆ ನಿಗಮ, ವಿದ್ಯುತ್ ಕಂಪನಿಗಳಂಥವನ್ನು ನೋಡಲು ಸಾರ್ವಜನಿಕ ಉದ್ಯಮಗಳ ಸಮಿತಿ ಬೇರೆ ಇದೆ.

ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಶಾಸಕರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು ಎಂದು ದಿನಾ ಓದುತ್ತೇವೆ. ಅದೂ ಪ್ರಶ್ನೆಯೇ?

ಪ್ರಶ್ನೆಯೇ, ಕೆಲವೊಮ್ಮೆ ಸದನಕ್ಕಿಂತ ಹೆಚ್ಚು ಉಪಯೋಗದ್ದು. ತಾಲ್ಲೂಕು ಮಟ್ಟದ ಸಭೆಗೆ ಶಾಸಕರು, ಜಿಲ್ಲಾ ಮಟ್ಟದ ತ್ರೈಮಾಸಿಕ ಸಭೆಗೆ ಉಸ್ತುವಾರಿ ಸಚಿವರು, ಕೇಂದ್ರದ ಯೋಜನೆಗಳ ‘ದಿಶಾ’ ಸಭೆಗೆ ಸಂಸದರು ಅಧ್ಯಕ್ಷರು. ಕೆಳಹಂತದ ಅಧಿಕಾರಿ ಎದುರಿಗೇ ಇರುತ್ತಾರೆ, ಅಲ್ಲೇ ದಿನಾಂಕ ಗೊತ್ತು ಮಾಡಬಹುದು. ಆದರೆ ತರಾಟೆ ಬೇರೆ, ಪರಿಶೀಲನೆ ಬೇರೆ. ಹಿಂದಿನ ಸಭೆಯ ನಡವಳಿಯ ಅನುಪಾಲನಾ ವರದಿಯನ್ನು ಮೊದಲ ಅರ್ಧ ಗಂಟೆ ಓದಿಸುವ ಶಾಸಕರನ್ನು ನಂಬಿ. ಮೈಕ್ ಸಿಕ್ಕೊಡನೆ ‘ಅಮಾನತು ಮಾಡಿಸುತ್ತೇನೆ’ ಎನ್ನುವವರ ಸಭೆ ಪತ್ರಿಕೆಗಾಗಿ ನಡೆಯುವುದು.

ಇನ್ನೊಂದು ಮಾತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತ ಸದಸ್ಯರು ಸಾಮಾನ್ಯ ಸಭೆಯಲ್ಲಿ ಎದ್ದು ಕೇಳುತ್ತಿದ್ದ ನೂರಾರು ಸಣ್ಣ ಪ್ರಶ್ನೆಗಳ ಜಾಗ ಖಾಲಿ ಬಿತ್ತು. ಶಾಸಕರ ಮೇಲೆ ಹೊರೆ ಬಿದ್ದದ್ದೂ, ಅವರ ಹಿಡಿತ ಬಿಗಿಯಾದದ್ದೂ ಇದರಿಂದಲೇ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ?

ಅಲ್ಲಿ ನಿಮಗೆ ಪ್ರತಿನಿಧಿಯೇ ಬೇಡ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕಪತ್ರ, ಕಾಮಗಾರಿ ಎರಡನ್ನೂ ಜನರ ಎದುರು ಇಡಬೇಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಅಳತೆ ಪುಸ್ತಕ ತರಿಸಲು ಕೇಳಿ, ಚರಂಡಿಯ ಉದ್ದವನ್ನು ನೀವೇ ಟೇಪು ಹಿಡಿದು ಅಳೆಯಿರಿ.

ಮಾಹಿತಿ ಹಕ್ಕು ಇರುವಾಗ ಶಾಸಕರನ್ನು ಏಕೆ ಕಾಡಬೇಕು?

ಎರಡೂ ಬೇಕು, ಈ ಕ್ರಮದಲ್ಲಿ: ಮೊದಲು ಮಾಹಿತಿ ಹಕ್ಕು, ಆಮೇಲೆ ಶಾಸಕರು. 2005ರ ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗಿರಬೇಕು. ಅದರಿಂದ ದಾಖಲೆ ಸಿಗುತ್ತದೆ, ‘ಏಕೆ’ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಸಿಕ್ಕ ದಾಖಲೆಯನ್ನು ಲಗತ್ತಿಸಿ ಶಾಸಕರಿಗೆ ಕೊಟ್ಟರೆ, ಸದನದಲ್ಲಿ ಮಂತ್ರಿ ಬೇರೆ ಅಂಕಿ ಹೇಳಿದಾಗ ಉಪಪ್ರಶ್ನೆ ಹಾಕಲು ಅವರಿಗೆ ಆಧಾರವಾಗುತ್ತದೆ.

ಶಾಸಕರ ನಿಧಿಯ ಲೆಕ್ಕವನ್ನು ಯಾರು ಕೇಳುವುದು?

ನೀವು. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅವರು ಶಿಫಾರಸು ಮಾಡುತ್ತಾರೆ. ಮಂಜೂರಾತಿ, ಹಣ ಬಿಡುಗಡೆ ಜಿಲ್ಲಾಧಿಕಾರಿಯವರದ್ದು. ಕಾಮಗಾರಿ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಪಡೆಯಿರಿ. ಸರ್ಕಾರವನ್ನು ಲೆಕ್ಕ ಕೇಳುವವರು ತಮ್ಮ ಲೆಕ್ಕ ಕೇಳಿದಾಗ ಮುಖ ಸಿಂಡರಿಸಿದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಈ ಪದ್ಧತಿ ನಮ್ಮಲ್ಲಿಗೆ ಬಂದದ್ದು ಸ್ವಾತಂತ್ರ್ಯದ ನಂತರವೇ?

ಅಲ್ಲ. 1881ರ ದಸರೆಯ ಹೊತ್ತಿಗೆ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಹಾಸನ ಜಿಲ್ಲೆ, ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರು ಸೀಮೆ ಎರಡೂ ಆ ಸಂಸ್ಥಾನದಲ್ಲೇ ಇದ್ದವು. ಜಮೀನುದಾರರು, ವರ್ತಕರೇ ತುಂಬಿದ್ದ ಆ ಸಭೆಗೆ ದಿವಾನರು ರಾಜ್ಯದ ಆದಾಯ–ವೆಚ್ಚ ಒಪ್ಪಿಸುತ್ತಿದ್ದರು; ಅವರು ತಮ್ಮ ತಾಲ್ಲೂಕಿನ ಅಹವಾಲು ಹೇಳುತ್ತಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು.

ಅಧಿವೇಶನ ವರ್ಷಕ್ಕೆ ಎಷ್ಟು ದಿನ?

ವರ್ಷಕ್ಕೆ ಕನಿಷ್ಠ 60 ದಿನ ನಡೆಯಬೇಕೆಂದು 2005ರಲ್ಲಿ ರಾಜ್ಯವೇ ಕಾಯ್ದೆ ಮಾಡಿಕೊಂಡಿದೆ. ಪಾಲನೆ ಅಪರೂಪ.

ನಾನು ಪ್ರಶ್ನೆ ಸಿದ್ಧಪಡಿಸಿದ್ದೇನೆ. ಹೇಗೆ ಕೊಡಲಿ?

ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಓಡಿದರೆ ತಡ. ಜುಲೈ ಆಸುಪಾಸಿನ ಮಳೆಗಾಲದ ಅಧಿವೇಶನ, ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ, ಬಜೆಟ್ ಅಧಿವೇಶನ ಇವುಗಳಿಗೆ ಒಂದು ತಿಂಗಳು ಮುಂಚೆಯೇ ಕೊಡಿ. ಒಂದೇ ಪುಟ ಸಾಕು: ‘ಮಾನ್ಯ ಶಾಸಕರಿಗೆ’ ಎಂದು ಆರಂಭಿಸಿ, ಮೇಲೆ ಹೇಳಿದಂತೆ (ಅ), (ಆ), (ಇ) ಬರೆದು, ಹಿಂದಿನ ಉತ್ತರವಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಹಾಕಿ, ದಾಖಲೆಯ ಜೆರಾಕ್ಸ್ ಲಗತ್ತಿಸಿ. ಶಾಸಕರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅವರ ಆಪ್ತ ಸಹಾಯಕರ ಬಳಿ ಕುಳಿತು ಅರ್ಥಮಾಡಿಸುವುದು ಲೇಸು. ಸೂಚನೆಯನ್ನು ಟೈಪು ಮಾಡಿಸಿ ಕಳಿಸುವವರು ಅವರೇ. ಉತ್ತರ ಮಂಡನೆಯಾದ ಮೇಲೆ ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತದೆ, ಲೋಕಸಭೆಯದು ಸಂಸತ್ತಿನ ಜಾಲತಾಣದಲ್ಲಿ. ಅನುಬಂಧವನ್ನು ಕೆಲವೊಮ್ಮೆ ಜಾಲತಾಣಕ್ಕೆ ಹಾಕದೆ ಬಿಟ್ಟಿರುತ್ತಾರೆ. ಆಗ ಶಾಸಕರ ಕಚೇರಿಯಿಂದಲೇ ಪ್ರತಿ ಕೇಳಿ ಪಡೆಯಿರಿ, ಏಕೆಂದರೆ ಊರುವಾರು ಪಟ್ಟಿ ಇರುವುದು ಅನುಬಂಧದಲ್ಲೇ.